ಮುಳುಗಲೊಲ್ಲದ ಸೂರ್ಯ

ಬರೆಯಲು ಕುಳಿತಾಗ ಏನೂ ಹೊಳೆಯದಿದ್ದರೆ ಕೆಲವರು ಎಲೆ ಅಡಿಕೆ ಹಾಕುತ್ತಾರಂತೆ. ಕೆಲವರು ಹೊಳೆಯ ದಂಡೆಗೆ ಹೋಗಿ ಕೂಡುತ್ತಾರಂತೆ. ನಾನು ಎದ್ದು ಹೋಗಿ ಹೊಸ್ತಿಲಲ್ಲಿ ನಿಲ್ಲುತ್ತೇನೆ. ಒಂದು ಕಾಲು ಮನೆಯೊಳಗೆ, ಇನ್ನೊಂದು ಹೊರಗಿನ ಕಲ್ಲಿನ ಮೇಲೆ, ಕೈ ಎರಡೂ ಬಾಗಿಲ ಚೌಕಟ್ಟಿಗೆ. ಈ ಭಂಗಿಯಲ್ಲಿ ನನ್ನನ್ನು ಕಂಡ ಓಣಿಯ ಜನ ಮೊದಮೊದಲು ಮನೆಗೆ ಯಾರೋ ಬರುವವರಿದ್ದಾರೆಂದು ತಿಳಿದು ತಾವೂ ದಾರಿಯತ್ತ ನೋಡುತ್ತಿದ್ದರು. ಈಗ ಅವರಿಗೆ ರೂಢಿಯಾಗಿದೆ. ನನ್ನ ಹೆಂಡತಿ ಸುಗಲಾಬಾಯಿಗೆ ಮಾತ್ರ ಆಗಿಲ್ಲ.

"ಒಳಗರೆ ಬರ್ರಿ, ಇಲ್ಲಾ ಹೊರಗರೆ ಹೋಗ್ರಿ," ಎಂದು ಒಲೆಯ ಮುಂದಿನಿಂದ ಕೂಗುತ್ತಾಳೆ. "ನಡುವ ನಿಂತ್ರ ನೊಣ ಬರ್ತಾವ."

"ನೊಣ ಅಲ್ಲ, ವಿಚಾರ ಬರ್ತಾವ," ಎನ್ನುತ್ತೇನೆ.

"ಮುಂಜಾನಿಂದ ನಿಂತೀರಿ. ನನಗಂತೂ ಬರೇ ನೊಣಾನ ಕಂಡಾವ."

ನಮ್ಮ ಮದುವೆಯಾಗಿ ಇನ್ನೂ ವರ್ಷ ತುಂಬಿಲ್ಲ. ಆದ್ದರಿಂದ ಈ ಮಾತಿಗೆ ನಾನು ಸಿಟ್ಟಾಗುವುದಿಲ್ಲ. ಆಗದಿರಲು ಇನ್ನೊಂದು ಕಾರಣವೂ ಇದೆ. ಈ ಹೊಸ್ತಿಲ ಚಟ ನನಗೆ ಹತ್ತಿದ್ದು ಅವಳಿಂದಲೇ. ಪೂರ್ತಿ ಅವಳಿಂದ ಎಂದರೆ ತಪ್ಪಾಗುತ್ತದೆ; ಅರ್ಧ ನನ್ನ ಅಕ್ಕನಿಂದ. ಆ ಕಥೆ ಹೇಳಬೇಕಾದರೆ ಮೊದಲು ನನ್ನ ದಿನಚರಿಯ ಮಾತು ಹೇಳಬೇಕು.

ನಾನು ಜೇವರ್ಗಿಯ ಕಚೇರಿಯಲ್ಲಿ ಗುಮಾಸ್ತ. ಹಗಲೆಲ್ಲ ಉರ್ದುವಿನಲ್ಲಿ ಬರೆಯುವುದು ಸರಕಾರದ ಕೆಲಸ. ಮುಂಜಾನೆ ಕಚೇರಿಗೆ ಮೊದಲು ಕನ್ನಡದಲ್ಲಿ ಬರೆಯುವುದು ನನ್ನ ಕೆಲಸ. ೧೯೪೭ರ ಆರಂಭದಲ್ಲಿ, ಕಾದಂಬರಿಕಾರನಾಗಬೇಕೆಂದು ನಿರ್ಧರಿಸಿದ ದಿನವೇ ಒಂದು ದಿನಚರಿ ಇಟ್ಟೆ. ಎಲ್ಲವೂ ಶಿಸ್ತಿನಿಂದ ನಡೆಯಬೇಕು ಎಂಬುದು ನನ್ನ ಸ್ವಭಾವ. ಪ್ರತಿ ಪುಟದ ನೆತ್ತಿಯಲ್ಲಿ ಮೂರು ತಾರೀಖು ಬರೆಯುತ್ತಿದ್ದೆ: ಕಚೇರಿಯ ಕಂದಾಯ ಲೆಕ್ಕದ ಫಸಲಿ ತಾರೀಖು, ಹೊರಗಿನ ಲೋಕದ ಇಂಗ್ಲಿಷ್ ತಾರೀಖು, ನಮ್ಮ ಅವ್ವ ನಂಬುವ ತಿಥಿ. ಈ ಮೂರನ್ನೂ ಒಂದಕ್ಕೊಂದು ತಾಳೆ ನೋಡಿ ಬರೆಯುವಷ್ಟರಲ್ಲಿ ಆ ದಿನದ ಉತ್ಸಾಹ ಅರ್ಧ ಖರ್ಚಾಗುತ್ತಿತ್ತು. ತಾರೀಖುಗಳ ಕೆಳಗೆ ನಡುವೆ ಒಂದು ಗೆರೆ. ಗೆರೆಯ ಈಚೆಗೆ 'ಓದಿದ್ದು', ಆಚೆಗೆ 'ಬರೆದದ್ದು'.

ಓದಿದ್ದರ ಕಡೆ ಯಾವ ಚಿಂತೆಯೂ ಇರಲಿಲ್ಲ. ಅದು ತುಂಬಿ, ಗೆರೆ ದಾಟಿ, ಬರೆದದ್ದರ ಜಾಗವನ್ನೂ ಒತ್ತುವರಿ ಮಾಡಿತು. ಬರೆದದ್ದರ ಕಡೆ ಇದ್ದದ್ದು ಒಂದೇ ವಾಕ್ಯ. ನನ್ನ ಕಾದಂಬರಿಯ ಮೊದಲ ವಾಕ್ಯ: 'ಸೂರ್ಯನು ಮುಳುಗುತ್ತಿದ್ದನು.'

ವಾಕ್ಯ ಕೆಟ್ಟದ್ದೇನಲ್ಲ. ಆದರೆ ಮರುದಿನ ನೋಡಿದರೆ ಅದಕ್ಕೊಂದು ಗಾಂಭೀರ್ಯ ಸಾಲದೆನಿಸಿತು. 'ಸೂರ್ಯನು ಅಸ್ತಂಗತನಾಗುತ್ತಿದ್ದನು' ಎಂದು ತಿದ್ದಿದೆ. ಇನ್ನೊಂದು ದಿನ ಅವನನ್ನು ಪಡುವಣ ಕಡಲಲ್ಲಿ ಮುಳುಗಿಸಿದೆ. ಜೇವರ್ಗಿಯಿಂದ ಕಡಲು ಎಷ್ಟು ದೂರ ಎಂದು ನೆನಪಾಗಿ ಹೊರಗೆ ತೆಗೆದು ಜೋಳದ ಹೊಲದಲ್ಲಿ ಮುಳುಗಿಸಿದೆ. ಒಮ್ಮೆ ಕೆಂಪಾಗಿ, ಒಮ್ಮೆ ಬಂಗಾರದ ಬಣ್ಣವಾಗಿ, ಒಮ್ಮೆ ನಾಚಿಕೊಂಡು, ಒಮ್ಮೆ ದುಃಖದಿಂದ. ಸೂರ್ಯ ಎಲ್ಲಕ್ಕೂ ಒಪ್ಪಿದ. ಮುಳುಗುವುದನ್ನು ಮಾತ್ರ ಮುಗಿಸಲಿಲ್ಲ. ಅವನು ಮುಳುಗದೆ ಎರಡನೆಯ ವಾಕ್ಯ ಬರುವಂತಿರಲಿಲ್ಲ.

ಕಚೇರಿಯಲ್ಲಿ ನನ್ನ ಮೇಲಿನವರು ಪೇಶಕಾರ ಸಾಹೇಬರು. ಮೆಹಂದಿ ಹಚ್ಚಿದ ಗಡ್ಡ, ಮೂಗಿನ ತುದಿಗೆ ಕನ್ನಡಕ, ಕಾಗದಪತ್ರಗಳ ನಡುವೆಯೂ ಬಾಯಲ್ಲಿ ಯಾವುದೋ ಗಜಲಿನ ಗುನುಗು. ಕಾವ್ಯ ಎಂದರೆ ಅವರಿಗೆ ಜೀವ. ಮೈಮರೆತು ಒಂದು ದಿನ ನನ್ನ ಸೂರ್ಯನ ವಿಷಯ ಹೇಳಿದೆ. ಅಂದಿನಿಂದ ಅವರು ನನಗೆ ಸಲಾಮಿನ ಬದಲು ಅದನ್ನೇ ಕೇಳತೊಡಗಿದರು.

"ಏನ್ ಮುನ್ಶಿ, ಸೂರಜ್ ಡೂಬಾ ಕ್ಯಾ? ಮುಳುಗಿದನೊ ಇಲ್ಲೊ?"

"ಇನ್ನಾ ಇಲ್ರಿ ಸಾಹೇಬ."

"ಹೋಗ್ಲಿ ಬಿಡು. ಬಿಸಿಲಿದ್ರ ಜೋಳಾನರೆ ಒಣಗ್ತಾವ."

ಬರೆಯುವುದು ಬಾರದಿದ್ದರೇನು, ಇನ್ನಷ್ಟು ಓದಿದರೆ ಬರುತ್ತದೆ ಎಂದು ನಂಬಿದ್ದೆ. ಕೊಡ ತುಂಬಿದರೆ ತಾನೇ ಚೆಲ್ಲುವುದು! ನನ್ನ ಕೊಡಕ್ಕೆ ತಳವಿಲ್ಲವೇನೋ ಎಂಬ ಅನುಮಾನ ಆಗ ಬಂದಿರಲಿಲ್ಲ.

ಓದಿನ ಹುಚ್ಚು ಹಳೆಯದು. ಆಳಂದ ತಾಲ್ಲೂಕಿನ ಮಟಕಿ ನಮ್ಮೂರು. ಶಾಲೆಯಲ್ಲಿ ಕಲಿಸುತ್ತಿದ್ದುದು ಉರ್ದು. ಕನ್ನಡದ ಅಕ್ಷರ ಕಲಿಸಿದವರು ನಮ್ಮ ಮುತ್ಯಾ, ಅಂದರೆ ಅಜ್ಜ. ಅವ್ವ ರೊಟ್ಟಿ ಬಡಿಯುವ ಮೊದಲು ಪರಾತದಲ್ಲಿ ಜೋಳದ ಹಿಟ್ಟು ಹರವಿಕೊಳ್ಳುತ್ತಿದ್ದಳು. ಮುತ್ಯಾ ನನ್ನ ಬೆರಳು ಹಿಡಿದು ಆ ಹಿಟ್ಟಿನ ಮೇಲೆ ತಿದ್ದಿಸುತ್ತಿದ್ದರು. ತಿದ್ದಿ ಮುಗಿದ ಕೂಡಲೇ ಅವ್ವ ಬಿಸಿನೀರು ಹಾಕಿ ನಾದಿಬಿಡುತ್ತಿದ್ದಳು. ಹೀಗೆ ನನ್ನ ಮೊದಲ ಬರಹಗಳನ್ನು ಮನೆಯವರೆಲ್ಲ ಪಲ್ಯ ಹಚ್ಚಿಕೊಂಡು ತಿಂದಿದ್ದಾರೆ. ಅವು ಕಳೆದುಹೋದವು ಎನ್ನಲಾರೆ, ಜೀರ್ಣವಾದವು. ನನಗಿಂತ ಹಿರಿಯಳಾದ ಅಕ್ಕ ಕಸ್ತೂರಿ ಒಲೆಯ ಬದಿಗೆ ಕುಳಿತು ಅದಕ್ಕೂ ವಿಮರ್ಶೆ ಮಾಡುತ್ತಿದ್ದಳು.

"ಯವ್ವಾ, ಇವತ್ತ ಶರಣ್ಯಾ ಅಕ್ಷರಾ ತಪ್ಪು ಬರ್ದಾನ. ಅದಕ್ಕ ರೊಟ್ಟಿ ಹರ್ಯಾಕತ್ತಾವ ನೋಡು."

ಪುಸ್ತಕಗಳು ಬರುತ್ತಿದ್ದುದು ನಿಜಾಮರ ಸೀಮೆಯ ಗಡಿಯಾಚೆ ಸೊಲ್ಲಾಪುರದ ಕಡೆಗೆ ಹೋಗಿಬರುವವರ ಕೈಯಲ್ಲಿ. ತಪಾಸಣೆಯ ನಾಕಾದಲ್ಲಿ ಯಾರು ಏನು ಕೇಳುತ್ತಾರೋ ಎಂದು ಅವರು ಪುಸ್ತಕವನ್ನು ಬುತ್ತಿಯ ಗಂಟಿನಲ್ಲಿ ರೊಟ್ಟಿಗಳ ನಡುವೆ ಇಟ್ಟು ತರುತ್ತಿದ್ದರು. ಊರಿಗೆ ಬರುವಷ್ಟರಲ್ಲಿ ಪ್ರತಿಯೊಂದು ಕಾದಂಬರಿಗೂ ಶೇಂಗಾ ಚಟ್ನಿಯ ವಾಸನೆ ಹತ್ತಿರುತ್ತಿತ್ತು. ನಾಯಕಿ ಬಿಕ್ಕಿ ಅಳುವ ಪುಟದಲ್ಲಿ ಎಣ್ಣೆಯ ಕಲೆ ಇದ್ದರೆ ಅದು ಕಣ್ಣೀರೇ ಎಂದುಕೊಂಡು ನಾನೂ ಅತ್ತದ್ದುಂಟು. ಇವತ್ತಿಗೂ ಯಾರಾದರೂ ಪಕ್ಕದಲ್ಲಿ ಬುತ್ತಿ ಬಿಚ್ಚಿದರೆ ನನಗೆ ಹಸಿವಾಗುವುದಿಲ್ಲ, ವಿರಹವಾಗುತ್ತದೆ.

ಓದಿದ್ದು ನನಗೆ ನೆಗಡಿಯ ಹಾಗೆ ಅಂಟುತ್ತಿತ್ತು. ಪತ್ತೇದಾರಿ ಕಥೆ ಓದಿದ ವಾರ, ಕಚೇರಿಯಲ್ಲಿ ಮಸಿಕುಡಿಕೆ ಕಾಣೆಯಾದರೆ ಎಲ್ಲರ ಬೆರಳುಗಳನ್ನೂ ಪರೀಕ್ಷಿಸಿದೆ. ಗುಮಾಸ್ತರಲ್ಲಿ ಬೆರಳಿಗೆ ಮಸಿ ಇಲ್ಲದವರು ಯಾರು? ದುಃಖದ ಕಾದಂಬರಿ ಓದಿದ ವಾರ ರಜೆಯ ಅರ್ಜಿ ಬರೆದೆ. ಪೇಶಕಾರ ಸಾಹೇಬರು ಅದನ್ನು ಓದಿ ಕನ್ನಡಕ ತೆಗೆದರು.

"ಮುನ್ಶಿ, ನಿನಗ ತಲಿ ನೋವು ಅದ. ಹೌದಿಲ್ಲೊ?"

"ಹೌದ್ರಿ."

"ಮತ್ತ ಇದರಾಗ ದಿಲ್ ಯಾಕ ಒಡದದ? ತಲೀನೋವಿಗಿ ಒಂದ್ ದಿನದ ರಜಾ ಕೊಡ್ತೇನಿ. ದಿಲ್ ಒಡದದ್ದಕ್ಕ ಕಾಯದೆದಾಗ ರಜಾ ಇಲ್ಲ."

ಒಮ್ಮೆ ಭೀಮಾ ದಾಟುವಾಗ ಹರಗೋಲಿನಲ್ಲಿ ಕುಳಿತು ಓದುತ್ತಿದ್ದೆ. ನಾಯಕನಿಗೆ ಇನ್ನೇನು ಗಲ್ಲು, ಅಷ್ಟರಲ್ಲಿ ಗಾಳಿ ಬೀಸಿತು. ಹೊಲಿಗೆ ಬಿಟ್ಟಿದ್ದ ಕೊನೆಯ ಹಾಳೆಗಳು ಹಾರಿ ನೀರಿಗೆ ಬಿದ್ದವು. ಅವನು ಸತ್ತನೋ ಉಳಿದನೋ ನನಗೆ ಇವತ್ತಿಗೂ ತಿಳಿಯದು. ಭೀಮಾನದಿಯ ಮೀನುಗಳಿಗೆ ತಿಳಿದಿರಬೇಕು.

ಹೀಗೆ ಓದುತ್ತ, ಅಂಟಿಸಿಕೊಳ್ಳುತ್ತ, ಕೆಮ್ಮುತ್ತ ಇದ್ದ ನನಗೆ ಬೇಡಿಕೆಯೊಂದನ್ನು ತಂದವಳು ಅಕ್ಕ. ಅವಳನ್ನು ಕೊಟ್ಟಿದ್ದು ಅಫಜಲಪುರದ ಕಡೆಯ ಹವಳಗಾಕ್ಕೆ. ರಜೆಯಲ್ಲಿ ಮಟಕಿಗೆ ಹೋಗುವಾಗ, ಸುತ್ತಾದರೂ, ಅವಳ ಮನೆಯಲ್ಲಿಳಿದು ಹೋಗುತ್ತಿದ್ದೆ.

"ತಮ್ಮಾ, ನೀ ದೊಡ್ಡ ಬರಹಗಾರ ಅಂತೀಯಲ್ಲ," ಎಂದಳು ಒಂದು ದಿನ. "ನಮ್ಮ ಬಾಜೂ ಮನಿ ಹುಡುಗಿದು ಲಗ್ನ ಅದ. ಒಂದ್ ಒಡಪು ಕಟ್ಟಿಕೊಡು."

ಒಡಪು ಗೊತ್ತಿಲ್ಲದವರು ನಮ್ಮ ಕಡೆ ಯಾರೂ ಇಲ್ಲ. ಆದರೂ ದೂರದ ಓದುಗರಿಗಾಗಿ ಹೇಳುತ್ತೇನೆ. ಗಂಡ ಹೆಂಡತಿ ಒಬ್ಬರ ಹೆಸರನ್ನೊಬ್ಬರು ಸುಮ್ಮನೆ ಹೇಳುವುದಿಲ್ಲ. ಮದುವೆಯಲ್ಲಿ, ಮನೆ ತುಂಬಿಸಿಕೊಳ್ಳುವಾಗ ಹೆಂಗಸರು ಸುತ್ತುಗಟ್ಟಿ ಹೆಸರು ಕೇಳುತ್ತಾರೆ. ಆಗ ಪ್ರಾಸ ಕೂಡಿದ ಎರಡು ಸಾಲು ಹೇಳಿ, ಅದರೊಳಗೆ ಹೆಸರನ್ನು ಹುದುಗಿಸಿ ಕೊಡಬೇಕು. ಅದೇ ಒಡಪು.

ನಾನು ಹುಬ್ಬು ಗಂಟಿಕ್ಕಿದೆ. ಕಾದಂಬರಿಕಾರನಾಗುವವನು ಒಡಪು ಕಟ್ಟುವುದೇ? "ನನಗ ಸ್ಫೂರ್ತಿ ಬರಬೇಕಕ್ಕಾ. ಸುಮ್ಮ ಸುಮ್ಮನ ಬರಂಗಿಲ್ಲ."

"ಸ್ಫೂರ್ತಿ ಬಂದ್ರ ಬರ್ಲಿ, ಉಂಡು ಹೋಗ್ಲಿ. ಹುಡುಗನ ಹೆಸರ ಭೀಮಶಾ. ಛಲೋ ಹುಡುಗ, ಖರೆ ಸಿಟ್ಟು ಭಾಳ. ಆದರ ಲಗೂ ಇಳೀತದ. ಹೇಳು ಈಗ."

ರೊಟ್ಟಿ ಮುರಿಯುತ್ತ ಕುಳಿತಿದ್ದೆ. ತುತ್ತು ನುಂಗುವಷ್ಟರಲ್ಲಿ ಬಾಯಿಗೆ ಬಂತು:

ಭೀಮಾ ಹೊಳಿ ತುಂಬಿ ಬಂದ್ರ ದಂಡಿ ಕಾಣಂಗಿಲ್ಲ,
ಭೀಮಶಾ ಅವರ ಸಿಟ್ಟು ಊಟದ ತನಕಾ ಉಳ್ಯಂಗಿಲ್ಲ.

ಅಕ್ಕ ಅದನ್ನು ಎರಡು ಸಲ ಹೇಳಿಸಿ, ಸೆರಗಿನಲ್ಲಿ ಕಟ್ಟಿಕೊಂಡವಳಂತೆ ಎದ್ದು ಹೋದಳು. ಅಲ್ಲಿಂದ ಸುರುವಾಯಿತು. ನಾನು ಹವಳಗಾದಲ್ಲಿ ಇಳಿದಾಗಲೆಲ್ಲ ಅವಳ ಬಳಿ ಬೇಡಿಕೆಗಳ ಸಾಲೇ ಇರುತ್ತಿತ್ತು. ಒಬ್ಬಳಿಗೆ ಗಂಡನ ಹೆಸರಿನ ಜೊತೆ ಅವನ ಎತ್ತುಗಳ ಹೆಸರೂ ಬರಬೇಕು. ಇನ್ನೊಬ್ಬಳಿಗೆ ಅತ್ತೆಯ ಹೊಗಳಿಕೆ ಬರಬೇಕು, ಆದರೆ ಬಹಳ ಬರಬಾರದು. ಮದುವೆಯಾಗಿ ಮಕ್ಕಳಾದ ಒಬ್ಬಾಕೆ ಗಂಡನ ಜೊತೆ ಮಾತು ಬಿಟ್ಟಿದ್ದಳು. ಅವನ ಮುಖಕ್ಕೆ ಹೊಡೆದಂಥದ್ದು ಬೇಕೆಂದು ಹೇಳಿ ಕಳಿಸಿದ್ದಳು. ಅವಳಿಗೆ ಕೊಟ್ಟದ್ದು:

ತೊಗರಿ ಬ್ಯಾಳಿ ಕುದ್ದು ಕುದ್ದು ಮೆತ್ತಗಾಗ್ಯಾವ,
ಮಲ್ಲಪ್ಪನವರ ಮಾತು ಇನ್ನಾ ಕಲ್ಲು ಆಗ್ಯಾವ.

ಯಾವುದೋ ಬಸುರಿಯ ಕುಬಸದ ಕಾರ್ಯದಲ್ಲಿ ಎಲ್ಲರೆದುರು ಅವಳು ಇದನ್ನು ಹೇಳಿದಳಂತೆ. ಮಲ್ಲಪ್ಪ ನಕ್ಕುಬಿಟ್ಟನಂತೆ. ಅಂದೇ ಸಂಜೆ ಮನೆಯಲ್ಲಿ ಮಾತು ಸುರುವಾಯಿತಂತೆ. ಅಕ್ಕ ಇದನ್ನು ಹೇಳುವಾಗ ಅವಳ ಮುಖದ ಮೇಲೆ ಕರ್ತೃವಿನ ಹೆಮ್ಮೆಯೊಂದು ಹೊಳೆಯುತ್ತಿತ್ತು. ಅದನ್ನು ನಾನು ಗಮನಿಸಬೇಕಿತ್ತು. ಗಮನಿಸಲಿಲ್ಲ.

ಈ ಒಡಪುಗಳು ಅಫಜಲಪುರ ದಾಟಿ ಆಳಂದ ಮುಟ್ಟಿದವು, ಹೊಳೆ ದಾಟಿ ಜೇವರ್ಗಿಗೂ ಬಂದವು. ಒಂದು ದಿನ ನಮ್ಮ ಓಣಿಯ ಮದುವೆಯಲ್ಲಿ ಯಾರೋ ಸೊಸೆ ನನ್ನದೇ ಸಾಲು ಹೇಳುವುದನ್ನು ಕಿಟಕಿಯಿಂದ ಕೇಳಿದೆ. ಆಗಲೂ ದಿನಚರಿಯಲ್ಲಿ 'ಬರೆದದ್ದು' ಎಂಬ ಕಡೆ ಏನನ್ನೂ ಸೇರಿಸಲಿಲ್ಲ. ಅದು ಬರೆದದ್ದಲ್ಲವಲ್ಲ, ಊಟದ ನಡುವೆ ಬಾಯಿಗೆ ಬಂದದ್ದು. ಆ ದಿನದ ಪುಟದಲ್ಲಿ ಸೂರ್ಯನನ್ನು 'ಕೆಂಡದ ಗೋಲ' ಎಂದು ತಿದ್ದಿದ್ದು ದಾಖಲಾಗಿದೆ.

ಮುಂದಿನ ವರ್ಷ ಬೇಸಿಗೆಯಲ್ಲಿ ನನ್ನ ಮದುವೆ. ಹುಡುಗಿಯನ್ನು ನೋಡಿದವಳೂ ಅಕ್ಕನೇ; ಆಳಂದದ ಹತ್ತಿರದ ಒಂದು ಹಳ್ಳಿಯ ಒಕ್ಕಲಿಗರ ಮನೆಯ ಸುಗಲಾಬಾಯಿ. ಆ ವರ್ಷ ಊರ ಗಾಳಿ ಸರಿಯಿರಲಿಲ್ಲ. ಗಡಿ ಹಳ್ಳಿಗಳಲ್ಲಿ ದಾಳಿಯ ಭಯಕ್ಕೆ ಎಷ್ಟೋ ಮನೆಗಳಿಗೆ ಬೀಗ ಬಿದ್ದಿತ್ತು. ಜನ ಆಚೆ ಕಡೆ ಬಂಧುಗಳ ಮನೆ ಸೇರಿದ್ದರು. ಬಾಜಾ ಬೇಡ, ಮೆರವಣಿಗೆ ಬೇಡ, ಹಗಲಿನಲ್ಲೇ ಅಕ್ಕಿಕಾಳು ಹಾಕಿ ಹಗಲಿನಲ್ಲೇ ಮನೆ ಸೇರಬೇಕು ಎಂದು ಹಿರಿಯರು ತೀರ್ಮಾನಿಸಿದರು. ಹಾಗೆಯೇ ಆಯಿತು. ಹೆಣ್ಣಿನವರ ಊರಲ್ಲಿ ಮುಂಜಾನೆಯೇ ಲಗ್ನ ಮುಗಿಸಿ ಮಟಕಿಗೆ ನಮ್ಮ ಗಾಡಿ ಮುಟ್ಟಿದಾಗ ನೆತ್ತಿಯ ಮೇಲೆ ಬಿಸಿಲು.

ಬಾಜಾ ಇಲ್ಲದ ಮದುವೆಯಲ್ಲಿ ಹೆಂಗಸರಿಗೆ ಉಳಿದ ಸಡಗರ ಒಂದೇ, ಹೆಸರು ಹೇಳಿಸುವುದು. ಅದನ್ನು ಅವರು ಬಿಡುವವರಿರಲಿಲ್ಲ. ನಮ್ಮ ಮನೆಯ ಮುಂದೆ ಓಣಿಯ ಹೆಂಗಸರೆಲ್ಲ ಕೂಡಿದ್ದರು. ಹೊಸ್ತಿಲ ಮೇಲೆ ಜೋಳ ತುಂಬಿದ ಸೇರು. ಸೇರಿನ ಹಿಂದೆ ಬಾಗಿಲ ಚೌಕಟ್ಟಿನ ಎರಡೂ ಕಡೆ ಕೈ ಕೊಟ್ಟು ಅಡ್ಡ ನಿಂತವಳು ನನ್ನ ಅಕ್ಕ. ಮದುಮಗನ ಅಕ್ಕನಿಗೆ ಅದು ಹಕ್ಕು. ಬದಿಗೆ ಮೊಣಕಾಲು ಹಿಡಿದು ಕುಳಿತವರು ನಾಗಮ್ಮ ಆಯಿ, ನಮ್ಮ ಮುತ್ಯಾನ ತಂಗಿ. ಮಟಕಿಯಲ್ಲಿ ಯಾವ ಒಡಪು ನಡೆಯುತ್ತದೆ, ಯಾವುದು ನಡೆಯದು ಎಂಬುದಕ್ಕೆ ಅವರ ಮಾತೇ ಕಾಯದೆ.

"ಹೆಸರ ಹೇಳದ ಒಳಗ ಬಿಡಂಗಿಲ್ಲ," ಎಂದಳು ಅಕ್ಕ.

"ಹಳೇದು ನಡ್ಯಂಗಿಲ್ಲ," ಎಂದರು ನಾಗಮ್ಮ ಆಯಿ. "ಹುಡುಗ ಕಿತಾಬ ಓದಿದಾಂವ ಅದಾನ. ಹೊಸಾದೇ ಹೇಳ್ಲಿ."

ನನಗೆ ಭಯವಿರಲಿಲ್ಲ. ಊರವರೆಲ್ಲರ ಮುಂದೆ ಸಾಹಿತ್ಯದ ಒಂದು ಮಾದರಿಯನ್ನು ತೋರಿಸಬೇಕೆಂದು ಒಂದು ವಾರ ಕುಳಿತು ಸಿದ್ಧಪಡಿಸಿಕೊಂಡಿದ್ದೆ. ಗಂಟಲು ಸರಿಮಾಡಿಕೊಂಡು ಹೇಳಿದೆ:

ಶರದಿಂದುಬಿಂಬದೊಳು ಕುಂದನರಸುತ ನಿಂತೆ,
ಸುಂದರಾಂಗಿ ಸುಗಲೆ, ನೀನೆ ಎನ್ನ ಹೃದಯಕಾಂತೆ.

ಓಣಿ ಸ್ತಬ್ಧವಾಯಿತು. ಮೆಚ್ಚುಗೆಯ ಮೌನ ಎಂದುಕೊಂಡೆ.

ನಾಗಮ್ಮ ಆಯಿ ಅಕ್ಕಪಕ್ಕ ನೋಡಿದರು. "ಏನಂದ ಯವ್ವಾ?"

"ಯಾರಿಗಿ ಗೊತ್ತರಿ ಆಯಿ."

"ಮಂತ್ರಾ ಹೇಳೋದು ಅಯ್ಯನವರು ಆಗಲೇ ಮುಗಿಸ್ಯಾರಪಾ," ಎಂದರು ಆಯಿ ಸಮಾಧಾನದಿಂದ. "ನೀ ಒಡಪ ಹೇಳು."

ಹೆಂಗಸರು ಸೆರಗು ಬಾಯಿಗೆ ಹಿಡಿದುಕೊಂಡು ನಗತೊಡಗಿದರು. ನನ್ನ ಬಾಸಿಂಗದೊಳಗಿಂದ ಬೆವರು ಇಳಿಯಿತು. ಹೋಗಲಿ, ಇವರಿಗೆ ಇವರದೇ ಭಾಷೆಯಲ್ಲಿ ಕೊಡೋಣವೆಂದು, ಹಿಂದೊಮ್ಮೆ ಯಾವನೋ ಮದುಮಗನಿಗೆ ಕಟ್ಟಿಕೊಟ್ಟಿದ್ದ ಒಡಪಿನಲ್ಲಿ ಹೆಸರು ಬದಲಿಸಿ ಸುರು ಮಾಡಿದೆ.

"ಕರಿ ಹೊಲದಾಗ ಬಿಳಿ ಜ್ವಾಳದ ತೆನಿ ಬಾಗ್ಯಾವ..."

ನಾನು ಉಸಿರೆಳೆದುಕೊಳ್ಳುವ ಮೊದಲೇ ಹೆಂಗಸರೆಲ್ಲ ಒಟ್ಟಿಗೆ ಕೂಗಿದರು: "ಗಂಗಾಬಾಯಿ ಮುಂದ ನನ್ನ ಮಾತು ಮುಗಿದು ಹೋಗ್ಯಾವ! ಹಳೇದು! ಹಳೇದು!"

"ಹಳೇದಾದ್ರ ಏನಾತು? ಅದು ನಂದ!" ಎಂದೆ.

"ನಿಂದು?" ನಾಗಮ್ಮ ಆಯಿ ಈಗ ಎದ್ದು ನಿಂತರು. "ಸುಳ್ಳ ಹೇಳಬ್ಯಾಡೋ ಮದುಮಗಾ, ಮೈ ಮ್ಯಾಲ ಅರಿಷಿಣ ಅದ. ಅದು ನಿಮ್ಮ ಕಸ್ತೂರಿ ಕಟ್ಟಿದ್ದು. ಹವಳಗಾದಿಂದ ಆಳಂದ ತನಕಾ ಎಲ್ಲಾರಿಗೂ ಗೊತ್ತದ. ಭೀಮಾ ಹೊಳೀದು ಆಕೀದೇ, ತೊಗರಿ ಬ್ಯಾಳೀದು ಆಕೀದೇ. ಅಂಥಾ ಅಕ್ಕನ ತಮ್ಮಾಗಿ ನೀ ಕದ್ದು ಹೇಳ್ತಿಯಲ್ಲ!"

ನಾನು ಅಕ್ಕನ ಮುಖ ನೋಡಿದೆ. ಅಕ್ಕ ತಲೆಯೆತ್ತಿ ತೋರಣದ ಮಾವಿನ ಎಲೆಗಳನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದಳು.

"ಅಕ್ಕಾ, ಖರೇ ಹೇಳು."

"ನಾ ಬಾಗಲಾ ಕಾಯಾಕತ್ತೇನಿ. ನನ್ನ ಜೋಡಿ ಮಾತಾಡಬ್ಯಾಡ," ಎಂದಳು ಅಕ್ಕ, ಎಲೆಗಳಿಂದ ಕಣ್ಣು ಕೀಳದೆ. "ಹೊಸಾದು ಹೇಳು, ಒಳಗ ಬಾ."

ನನ್ನದೇ ಮಾತನ್ನು ನಾನೇ ಕದ್ದ ಆರೋಪ ಹೊತ್ತು, ಅದೂ ನನ್ನ ಮದುವೆಯ ದಿನ, ನನ್ನ ಮನೆಯ ಹೊಸ್ತಿಲ ಹೊರಗೆ ನಿಂತೆ. ಈಗ ಇದು ಬರೀ ಮನೆಯೊಳಗೆ ಹೋಗುವ ಪ್ರಶ್ನೆಯಾಗಿರಲಿಲ್ಲ. ಹೊಸದೊಂದು ಹೇಳಲಾಗದಿದ್ದರೆ ಇವರೆಲ್ಲ ಹೇಳುವುದೇ ಸತ್ಯವಾಗುತ್ತಿತ್ತು. ಅಷ್ಟೇ ಅಲ್ಲ, ಗೆರೆಯ ಆಚೆ ಒಂದೇ ವಾಕ್ಯವಿದ್ದ ನನ್ನ ದಿನಚರಿ ಹೇಳುತ್ತಿದ್ದುದೂ ಸತ್ಯವಾಗುತ್ತಿತ್ತು. ಬಗಲಲ್ಲಿ ಹೊಸ ಹೆಂಡತಿ ಬೇರೆ.

ಓದಿದ್ದನ್ನೆಲ್ಲ ತಲೆಯೊಳಗೆ ಕರೆದೆ. ಪತ್ತೇದಾರರು ಬಂದರು, ರಾಜಕುಮಾರಿಯರು ಬಂದರು, ಬಿಕ್ಕುವ ನಾಯಕಿಯರು ಶೇಂಗಾ ಚಟ್ನಿಯ ವಾಸನೆಯೊಂದಿಗೆ ಬಂದು ನಿಂತರು. ಒಬ್ಬರಿಗೂ 'ಸುಗಲಾಬಾಯಿ' ಎಂಬ ಹೆಸರಿಗೆ ಕೂಡುವ ಒಂದು ಸಾಲು ಗೊತ್ತಿರಲಿಲ್ಲ. ಅವರ ಹಿಂದೆ ನನ್ನ ಸೂರ್ಯ, ಮುಳುಗದೆ, ನೆತ್ತಿಯ ಮೇಲೆ ಸುಡುತ್ತಿದ್ದ.

ಆಗ ಬಗಲಿನಿಂದ ಒಂದು ಸಣ್ಣ ದನಿ ಬಂತು. ಅದು ನನ್ನ ಹೆಂಡತಿ ನನ್ನ ಜೊತೆ ಆಡಿದ ಮೊದಲ ಮಾತು.

"ಕಾಲು ಸುಡಾಕತ್ತಾವ್ರಿ. ಲಗೂ ಏನರೆ ಹೇಳ್ರಿ."

ಕೆಳಗೆ ನೋಡಿದೆ. ಬರಿಗಾಲು. ಬಾಗಿಲ ಮುಂದಿನ ಶಹಾಬಾದಿ ಕಲ್ಲು ಹಂಚಿನ ಹಾಗೆ ಕಾದಿತ್ತು. ಅವಳು ಮೆಲ್ಲಗೆ ಒಂದು ಕಾಲು ಎತ್ತಿ ಇನ್ನೊಂದು ಊರುತ್ತಿದ್ದಳು. ಹೊಸ ಸೀರೆಯ ನಿರಿಗೆ ಅಷ್ಟಷ್ಟೇ ಅಲುಗುತ್ತಿತ್ತು. ನನ್ನ ಪಾದವೂ ಸುಡುತ್ತಿತ್ತೆಂಬುದು ನನಗೆ ಆಗಲೇ ತಿಳಿದದ್ದು. ಬಾಯಿ ತೆರೆದೆ. ಏನು ಹೇಳುತ್ತೇನೆಂದು ಹೇಳಿ ಮುಗಿಯುವವರೆಗೂ ನನಗೇ ಗೊತ್ತಿರಲಿಲ್ಲ.

ಓದಿದ ಪುಸ್ತಕ ನೂರಾರು, ಬರಲಿಲ್ಲ ಒಂದೂ ಕೆಲಸಕ್ಕ,
ಸುಗಲಾಬಾಯಿ ಕಾಲು ಸುಡಾಕತ್ತಾವ, ದಾರಿ ಬಿಡು ಅಕ್ಕಾ!

ಓಣಿಯೇ ಬಿದ್ದು ಬಿದ್ದು ನಕ್ಕಿತು. ನಾಗಮ್ಮ ಆಯಿ ನಕ್ಕು ನಕ್ಕು ಮತ್ತೆ ನೆಲಕ್ಕೆ ಕುಳಿತು ಕಣ್ಣೊರೆಸಿಕೊಂಡರು. "ಇದು ಹೊಸಾದದ! ಇದು ನಾ ಎಲ್ಲೂ ಕೇಳಿಲ್ಲ. ನೀರ ಹಾಕ್ರೇ ಹುಡುಗಿ ಕಾಲಿಗಿ!"

ಯಾರೋ ಕೊಡ ತಂದು ಕಲ್ಲಿನ ಮೇಲೆ ಸುರಿದರು. ಕಲ್ಲು ಚುಂಯ್ ಎಂದಿತು. ಈಗ ಸುಗಲಾಬಾಯಿಯ ಸರದಿ. ಹೊಸ ಸೊಸೆ ನಾಚುತ್ತಾಳೆ, ನಾಲ್ಕು ಸಲ ಕೇಳಿಸಿಕೊಳ್ಳುತ್ತಾಳೆ ಎಂದು ಎಲ್ಲರೂ ಸಾವಕಾಶವಾಗಿ ನಿಂತರು. ಅವಳು ತಲೆ ತಗ್ಗಿಸಿಕೊಂಡೇ, ಒಂದೇ ಉಸಿರಿನಲ್ಲಿ ಹೇಳಿದಳು:

ಬಾಗಿಲಾಗ ನಿಂತು ನಿಂತು ಬಿಸಿಲು ಕಾಯೋದು ಸಾಕಾತು,
ಶರಣಪ್ಪನವರ ಬಾಯಾಗ ಕಡಿಗರೆ ಒಂದ್ ಮಾತು ಬಂತು.

ಮಟಕಿಯ ಹೆಂಗಸರು ಆ ದಿನ ನನ್ನನ್ನು ಕ್ಷಮಿಸಿ, ನನ್ನ ಹೆಂಡತಿಯನ್ನು ತಮ್ಮವಳನ್ನಾಗಿ ಮಾಡಿಕೊಂಡರು. ಅಕ್ಕ ಕೈ ತೆಗೆಯಲಿಲ್ಲ. ಇನ್ನೊಂದು ಹಕ್ಕು ಬಾಕಿಯಿತ್ತು. "ಹೆಣ್ಣ ಹುಟ್ಟಿದ್ರ ನನ್ನ ಮಗಗ ಕೊಡ್ತೀರಿಲ್ಲೊ?" ಎಂದಳು.

ನಾನು ಹೂಂ ಎನ್ನುವಷ್ಟರಲ್ಲಿ ಬಗಲಿನ ದನಿ ಹೇಳಿತು: "ಹುಡುಗ ಮದಲ ಒಡಪ ಕಲೀಲ್ರಿ ಅಕ್ಕಾರ. ಬಾಗಲದಾಗ ನನ್ನ ಮಗಳ ಕಾಲು ಸುಡಬಾರ್ದು."

ಸಂಜೆ ಜನ ಕರಗಿದ ಮೇಲೆ ಅಕ್ಕ ನನ್ನ ಬಳಿ ಬಂದು ಕುಳಿತಳು. ಹೋಳಿಗೆಯ ತಾಟು ನನ್ನ ಕಡೆ ಸರಿಸಿದಳು. ಅದು ಅವಳ ಕ್ಷಮಾಪಣೆ ಎಂದು ತಿಳಿದುಕೊಂಡೆ. ಆದರೆ ಅವಳು ಬೇರೇನನ್ನೋ ಯೋಚಿಸುತ್ತಿದ್ದಳು.

"ಇವತ್ತಿಂದು ಭಾಳ ಛಲೋ ಇತ್ತು ತಮ್ಮಾ," ಎಂದು ನಿಟ್ಟುಸಿರು ಬಿಟ್ಟಳು. "ಆದರ ಇದನ್ನ ನಂದು ಅಂತ ಹೇಳಾಕ ಬರಂಗಿಲ್ಲ ನೋಡು. 'ದಾರಿ ಬಿಡು ಅಕ್ಕಾ' ಅಂದಿ. ನಾನ ಕಟ್ಟಿದ್ದು ಅಂದ್ರ ಯಾರ ನಂಬ್ತಾರ?"

ಜೇವರ್ಗಿಗೆ ಬಂದ ಮೇಲೆ ಪೇಶಕಾರ ಸಾಹೇಬರಿಗೆ ನಡೆದದ್ದನ್ನೆಲ್ಲ ಹೇಳಿದೆ. ಅವರು ಲೇಖನಿ ಕೆಳಗಿಟ್ಟು ಗಡ್ಡ ನೀವಿಕೊಳ್ಳುತ್ತ ಕೇಳಿದರು. ಒಡಪನ್ನು ಮೂರು ಸಲ ಹೇಳಿಸಿ, ಗಜಲಿಗೆ ಹೇಳುವ ಹಾಗೆ ವಾಹ್ ಎಂದರು. ಆಮೇಲೆ ಕೇಳಿದರು: "ಸೂರಜ್?"

"ಇನ್ನಾ ಇಲ್ರಿ."

"ಹೆಂಗ ಮುಳುಗ್ತಾನ ಮುನ್ಶಿ? ಮನ್ಯಾಗ ಕುರ್ಚಿ ಮ್ಯಾಲ ಕುಂತು ಬರೀತಿ. ನಿನ್ನ ಕಾಲು ಎಲ್ಲಿ ಸುಡಾಕತ್ತಾವ?"

ಅವರು ಹಾಸ್ಯಕ್ಕೆ ಅಂದದ್ದು. ಶಿಸ್ತಿನ ಮನುಷ್ಯನಾದ ನಾನು ಅದನ್ನು ಪ್ರಯೋಗಕ್ಕೆ ಹಚ್ಚಿದೆ. ರಜೆಯ ದಿನ ಮಧ್ಯಾಹ್ನ ಚಪ್ಪಲಿ ಬಿಟ್ಟು, ದಿನಚರಿ ಕೈಯಲ್ಲಿ ಹಿಡಿದು, ನಮ್ಮ ಮನೆಯ ಹೊರಗಿನ ಕಲ್ಲಿನ ಮೇಲೆ ನಿಂತೆ. ಸುಡುವುದೇನೋ ಸುಟ್ಟಿತು. ಮೊದಲು ಬಲಗಾಲು, ಆಮೇಲೆ ಎಡಗಾಲು. ಯಾವುದರಿಂದಲೂ ಎರಡನೆಯ ವಾಕ್ಯ ಬರಲಿಲ್ಲ. ಸುಗಲಾಬಾಯಿ ಹೊರಗೆ ಬಂದು ನೋಡಿದಳು.

"ಏನ್ ಮಾಡಾಕತ್ತೀರಿ?"

"ಸ್ಫೂರ್ತಿ ಬರ್ತದೇನೋ ನೋಡಾಕತ್ತೇನಿ."

"ಈ ಬಿಸಿಲಾಗ ನಿಂತ್ರ ಬರೋದು ಸ್ಫೂರ್ತಿ ಅಲ್ರಿ, ಜ್ವರ."

ಜ್ವರವೇ ಬಂತು. ರಜೆಯ ಅರ್ಜಿಯಲ್ಲಿ ಈ ಸಲ ಬರೀ ಜ್ವರ ಎಂದಷ್ಟೇ ಬರೆದೆ. ಆದರೆ ಹೊಸ್ತಿಲಲ್ಲಿ ನಿಲ್ಲುವ ಚಟ ಉಳಿದುಬಿಟ್ಟಿತು.

ಮಳೆಗಾಲ ಬಂತು. ಮಳೆಗಾಲ ಮುಗಿಯುವಷ್ಟರಲ್ಲಿ ನಿಜಾಮರ ಆಳಿಕೆ ಮುಗಿದು ಕಚೇರಿಯ ಮೇಲಿನ ಬಾವುಟ ಬದಲಾಯಿತು. ನನ್ನ ಮೊದಲ ವಾಕ್ಯ ಬದಲಾಗಲಿಲ್ಲ. ಪೇಶಕಾರ ಸಾಹೇಬರು ಕೆಲವು ದಿನ ಕಚೇರಿಗೆ ಬರಲಿಲ್ಲ. ಅವರ ಕುರ್ಚಿಯತ್ತ ಯಾರೂ ನೋಡುತ್ತಿರಲಿಲ್ಲ. ಕೊನೆಗೊಂದು ಮುಂಜಾನೆ ಬಂದರು. ಗಡ್ಡದ ಮೆಹಂದಿ ಮಾಸಿತ್ತು, ಗುನುಗು ಇರಲಿಲ್ಲ. ಕುಳಿತು, ಕನ್ನಡಕ ಒರೆಸಿ ಹಾಕಿಕೊಂಡು ನನ್ನತ್ತ ನೋಡಿದರು.

"ಏನ್ ಮುನ್ಶಿ, ಮುಳುಗಿದನೊ ಇಲ್ಲೊ?"

ಇಷ್ಟು ದಿನ ಕಾಡುತ್ತಿದ್ದ ಆ ಪ್ರಶ್ನೆ ಅಂದು ಎಷ್ಟು ಹಿತವಾಯಿತೆಂದು ಹೇಳಲಾರೆ. "ಇನ್ನಾ ಇಲ್ರಿ ಸಾಹೇಬ," ಎಂದೆ. ಈ ಮನುಷ್ಯನಿಗಾಗಿಯಾದರೂ ಸೂರ್ಯನನ್ನು ಮುಳುಗಿಸಬೇಕೆಂದು ಅಂದೇ ಮೊದಲ ಸಲ ಅನಿಸಿತು.

ಕಚೇರಿಯಿಂದ ಬಂದವನು ನೇರ ಬರೆಯಲು ಕುಳಿತೆ. ಸುಗಲಾಬಾಯಿ ಮೊರದಲ್ಲಿ ತೊಗರಿ ಬೇಳೆ ಹಸನು ಮಾಡುತ್ತ ಕುಳಿತಿದ್ದಳು. ಅವಳಿಗೆ ಓದು ಬಾರದು. ನಾನು ಏನು ಬರೆಯುತ್ತೇನೆಂದು ಅದುವರೆಗೆ ಕೇಳಿರಲೂ ಇಲ್ಲ.

"ಏನರೆ ಓದಿ ಹೇಳ್ರಿ," ಎಂದಳು.

ದನಿ ಏರಿಸಿ ಓದಿದೆ: "ಸೂರ್ಯನು ಮುಳುಗುತ್ತಿದ್ದನು."

"ಹೂಂ. ಮುಂದ?"

"ಮುಂದ ಇಲ್ಲ."

ಅವಳ ಕೈ ಬೇಳೆಯ ಮೇಲೆ ನಿಂತಿತು. "ಇಷ್ಟೇನ್ರಿ? ನೀವು ಬರ್ಯಾಕತ್ತೀರಿ ಅಂತ ನಾ ದಿನಾ ಮುಂಜಾನಿ ಬೆಕ್ಕಿಗಿ ಸುದ್ದಾ ಸದ್ದ ಮಾಡಾಕ ಬಿಟ್ಟಿಲ್ಲ!"

ಅವಳು ಒಂದು ಹರಳು ಆರಿಸಿ ಹೊರಗೆ ಎಸೆದಳು. "ಅಂವ ದಿನಾ ಮುಳುಗ್ತಾನ್ರಿ. ನೀವು ಹೇಳಿದ್ರೂ ಮುಳುಗ್ತಾನ, ಹೇಳಲಿಲ್ಲಂದ್ರೂ ಮುಳುಗ್ತಾನ. ಬಾಗಲಾಗ ಯಾರ ಬಂದ್ರು, ಅದನ್ನ ಹೇಳ್ರಿ."

ಎದ್ದು ಹೋಗಿ ಹೊಸ್ತಿಲಲ್ಲಿ ನಿಂತೆ. ಒಂದು ಕಾಲು ಒಳಗೆ, ಒಂದು ಹೊರಗೆ, ಎರಡೂ ಕೈ ಚೌಕಟ್ಟಿಗೆ. ನಿಂತ ಮೇಲೆ ನನ್ನ ಕೈಗಳನ್ನೇ ನೋಡಿಕೊಂಡೆ. ಇದು ನಾನು ನಿಲ್ಲುವ ರೀತಿಯಲ್ಲ. ಹೀಗೆ ನಿಂತವಳು ಇನ್ನೊಬ್ಬಳು. ತೋರಣದ ಎಲೆಗಳನ್ನು ನೋಡುತ್ತ, ನನ್ನ ಮಾತುಗಳನ್ನೆಲ್ಲ ತನ್ನ ಸೆರಗಿನಲ್ಲಿ ಕಟ್ಟಿಕೊಂಡು.

ಒಳಗೆ ಬಂದು, ಹಳೆಯ ವಾಕ್ಯದ ಮೇಲೆ ಗೆರೆ ಎಳೆದು, ಕೆಳಗೆ ಬರೆದೆ: 'ಅಕ್ಕ ಬಾಗಿಲಿಗೆ ಅಡ್ಡ ನಿಂತಿದ್ದಳು.' ಯಾಕೆ ನಿಂತಿದ್ದಳು ಎಂದು ಎರಡನೆಯ ವಾಕ್ಯ ತಾನೇ ಕೇಳಿತು. ಅದಕ್ಕೆ ಉತ್ತರ ಹೇಳಲು ಮೂರನೆಯದು ಬಂತು. ಹೊರಗೆ ನಿಂತವರ ಕಾಲು ಸುಡುತ್ತಿದ್ದುದರಿಂದ ಯಾವ ವಾಕ್ಯಕ್ಕೂ ಸಾವಕಾಶ ಮಾಡುವಂತಿರಲಿಲ್ಲ. ಅಕ್ಷರ ಕಾಣದಂತಾಗಿ ತಲೆಯೆತ್ತಿದರೆ ಸುಗಲಾಬಾಯಿ ಕಂದೀಲು ತಂದು ಬದಿಗಿಟ್ಟು ಹೋಗುತ್ತಿದ್ದಳು. ಆ ದಿನ ದಿನಚರಿಯಲ್ಲಿ ಒಂದು ತಾರೀಖನ್ನೂ ಹಾಕಲಿಲ್ಲ. ಹಾಕುವುದು ಮರೆತಿತ್ತು.

ಮರುದಿನ ಕಚೇರಿಯ ಮೆಟ್ಟಿಲ ಮೇಲೆಯೇ ಪೇಶಕಾರ ಸಾಹೇಬರು ಸಿಕ್ಕರು. ಅವರು ಕೇಳುವ ಮೊದಲೇ ಹೇಳಿದೆ.

"ಮುಳುಗಿದನ್ರಿ ಸಾಹೇಬ."

ಅವರು ಅಲ್ಲೇ ನಿಂತುಬಿಟ್ಟರು. "ಖರೇನ? ಹೆಂಗ ಮುಳುಗಿದ? ಕೆಂಪಗೊ, ಬಂಗಾರದಂಗೊ?"

"ಗೊತ್ತಿಲ್ರಿ," ಎಂದೆ. "ನಾ ಬರ್ಯಾಕತ್ತಿದ್ದೆ. ನೋಡಲಿಲ್ಲ."